ಯಾರಾದ್ರೂ ಆಗ್ಲಿ ಅಂದ್ರೆ ಹೇಗೆ?

ಶುಕ್ರವಾರ ರಾತ್ರಿ, 2023ರ ಡಿಸೆಂಬರ್ 8ರಂದು, ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಪಂದ್ಯದಲ್ಲಿ ಮುಂಬೈ ಸಿಟಿ ನಮ್ಮ ಬೆಂಗಳೂರು ಎಫ್‌ಸಿಗೆ ನಾಲ್ಕು ಗೋಲು ಹೊಡೆಯಿತು. ನಾವು ಒಂದೂ ಹೊಡೆಯಲಿಲ್ಲ. ಶನಿವಾರ ಕೋಚ್ ಸೈಮನ್ ಗ್ರೇಸನ್ ಹೋದರು. ಸಹಾಯಕರಾಗಿದ್ದ ರೆನೆಡಿ ಸಿಂಗ್ ಸದ್ಯಕ್ಕೆ ತಂಡ ನೋಡಿಕೊಳ್ಳುವುದು ಅಂತಾಯಿತು. ಹೊಸಬರು ಯಾರು ಅಂತ ಇದನ್ನು ಬರೆಯುವ ಹೊತ್ತಿಗೂ ಗೊತ್ತಿಲ್ಲ.

ಸೋಲು ಬೇಜಾರು ತಂದಿತು, ನಿಜ. ಒಂಬತ್ತು ಪಂದ್ಯದಲ್ಲಿ ಒಂದೇ ಗೆಲುವು, ಅದೂ ಈಸ್ಟ್ ಬೆಂಗಾಲ್ ಮೇಲೆ ಅಕ್ಟೋಬರಿನಲ್ಲಿ. ಆದರೆ ಈ ವಾರವೆಲ್ಲ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಆ ನಾಲ್ಕು ಗೋಲಲ್ಲ. ಗ್ಯಾಲರಿಯಲ್ಲಿ ಕೇಳಿದ ಎರಡು ಮಾತು.

ಮೂರನೇ ಗೋಲು ಬಿದ್ದ ಮೇಲೆ ನಮ್ಮ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು ಕೂಗಿದ: "ಗ್ರೇಸನ್, ಮನೆಗೆ ಹೋಗು!" ನೀಲಿ ಜೆರ್ಸಿ, ಕೆನ್ನೆಗೆ ನೀಲಿ ಬಣ್ಣ. ಇಪ್ಪತ್ತು ದಾಟಿರಲಿಕ್ಕಿಲ್ಲ. ನನ್ನ ಪಕ್ಕ ಕೂತಿದ್ದ ಹಿರಿಯರು ನಿಧಾನಕ್ಕೆ ಹಿಂದೆ ತಿರುಗಿದರು. ಆಸ್ಟಿನ್ ಟೌನ್ ಕಡೆಯವರು. ಒಂದು ಕಾಲಕ್ಕೆ ಸರ್ಕಾರಿ ಕಾರ್ಖಾನೆಯೊಂದರ ತಂಡಕ್ಕೆ ಆಡಿದವರು. ಫೋನಿನಲ್ಲಿ ತಮಿಳು, ನನ್ನ ಜೊತೆ ಕನ್ನಡ.

"ಕಳಿಸ್ತೀಯ, ಸರಿ. ಆಮೇಲೆ ಯಾರನ್ನ ತರ್ತೀಯಪ್ಪಾ?"

"ಯಾರಾದ್ರೂ ಆಗ್ಲಿ ಅಂಕಲ್. ಇವರು ಬೇಡ ಅಷ್ಟೇ."

ಅವರು ಮತ್ತೇನೂ ಹೇಳಲಿಲ್ಲ. ಮೈದಾನದ ಕಡೆ ತಿರುಗಿ ಕೂತರು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದುಡ್ಡು ಕೊಟ್ಟು ಟಿಕೆಟ್ ತಗೊಂಡು ಬಂದವನು. ತಂಡದ ಮೇಲೆ ಪ್ರೀತಿ ಇಲ್ಲದವನು ಅಷ್ಟು ಜೋರಾಗಿ ಕೂಗಲ್ಲ. ಅಭಿಮಾನಿಗೆ ಹಾಗೆ ಹೇಳುವ ಹಕ್ಕಿದೆ. ನನ್ನ ಭಯ ಬೇರೆ. ತಂಡ ನಡೆಸುವವರೂ ಹೀಗೇ ಯೋಚಿಸುತ್ತಿದ್ದರೆ? ಈ ಒಬ್ಬರು ಹೋಗಲಿ, ಬರುವವರು ಯಾರಾದರೂ ಆಗಲಿ ಅಂತ?

ಅನುಮಾನ ಬರಲು ಕಾರಣವಿದೆ. 2021ರ ಜನವರಿಯಲ್ಲಿ ಕಾರ್ಲೆಸ್ ಕ್ವಾದ್ರಾತ್ ಹೋಗಿದ್ದೂ ಹೀಗೆಯೇ. ಅವತ್ತೂ ಎದುರಿಗಿದ್ದದ್ದು ಮುಂಬೈ ಸಿಟಿ. ಗೋವಾದಲ್ಲಿ 3-1 ಸೋಲು, ಮರುದಿನವೇ ಕೋಚ್ ಇಲ್ಲ. ಅವರು ನಮಗೆ 2019ರಲ್ಲಿ ಐಎಸ್‌ಎಲ್ ಕಪ್ ತಂದುಕೊಟ್ಟವರು. ಫೈನಲ್‌ನಲ್ಲಿ ಗೋವಾ ಮೇಲೆ ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಹೊಡೆದ ಗೋಲು ಮರೆಯುವುದುಂಟೇ? ಆಮೇಲೆ ನೌಶಾದ್ ಮೂಸಾ ಕೆಲವು ದಿನ ತಂಡ ನೋಡಿಕೊಂಡರು. ನಂತರ ಜರ್ಮನಿಯಿಂದ ಮಾರ್ಕೊ ಪೆಝಾಯೊಲಿ ಬಂದರು. ಮೂರು ವರ್ಷದ ಒಪ್ಪಂದ, ಹುಡುಗರನ್ನು ಬೆಳೆಸುವ ಮಾತು. ಎರಡನೇ ವರ್ಷ ಮುಗಿಯುವುದರೊಳಗೆ ಅವರೂ ಹೋದರು. 2022ರ ಜೂನ್‌ನಲ್ಲಿ ಇಂಗ್ಲೆಂಡಿನ ಗ್ರೇಸನ್ ಬಂದರು. ಈಗ ಅವರೂ ಇಲ್ಲ.

ಸ್ಪೇನ್, ಜರ್ಮನಿ, ಇಂಗ್ಲೆಂಡ್. ಮೂವರಿಗೂ ಆಟ ಗೊತ್ತಿತ್ತು. ಆದರೆ ಮೂವರ ಆಟವೂ ಬೇರೆ ಬೇರೆ. ಮನೆ ಅರ್ಧ ಕಟ್ಟಿದ ಮೇಲೆ ಮೇಸ್ತ್ರಿ ಬದಲಾದರೆ ಹೊಸಬರು ಮೊದಲು ಹಳೆ ಗೋಡೆ ಒಡೆಸುತ್ತಾರೆ. ನಮ್ಮ ತಂಡದಲ್ಲಿ ಎರಡು ವರ್ಷಕ್ಕೊಮ್ಮೆ ಅದೇ ನಡೆಯುತ್ತಿದೆ.

ಮೊದಲು ಹೀಗಿರಲಿಲ್ಲ. 2013ರಲ್ಲಿ ತಂಡ ಹುಟ್ಟಿದಾಗ ಆಶ್ಲೆ ವೆಸ್ಟ್‌ವುಡ್ ಬಂದರು. ಆ ಹೆಸರು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಆಟಗಾರರ ಊಟ, ನಿದ್ದೆ, ಫಿಟ್‌ನೆಸ್ ಎಲ್ಲವನ್ನೂ ಹಿಡಿತಕ್ಕೆ ತಂದರು. ಮೊದಲ ಸೀಸನ್‌ನಲ್ಲೇ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದೆವು. 2016ರಲ್ಲಿ ಮತ್ತೆ ಗೆದ್ದೆವು. ಅವರ ನಂತರ ಆಲ್ಬರ್ಟ್ ರೋಕಾ, ಬಾರ್ಸಿಲೋನಾದಲ್ಲಿ ಕೋಚ್ ರೈಕಾರ್ಡ್ ಜೊತೆ ಸಹಾಯಕರಾಗಿದ್ದವರು. ಗಟ್ಟಿ ಮೈಯ ತಂಡಕ್ಕೆ ಅವರು ಪಾಸಿಂಗ್ ಕಲಿಸಿದರು. 2016ರ ಅಕ್ಟೋಬರಿನಲ್ಲಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹೋರ್ ತಂಡವನ್ನು ಇದೇ ಕಂಠೀರವದಲ್ಲಿ 3-1ರಿಂದ ಸೋಲಿಸಿ ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್‌ಗೆ ಹೋದೆವು. ಅದಕ್ಕೂ ಮುಂಚೆ ಭಾರತದ ಯಾವ ತಂಡವೂ ಅಲ್ಲಿಗೆ ಮುಟ್ಟಿರಲಿಲ್ಲ. ದೋಹಾದಲ್ಲಿ ಇರಾಕಿನ ತಂಡದ ಎದುರು ಒಂದು ಗೋಲಿನಿಂದ ಸೋತೆವು. ಆದರೆ ಜೋಹೋರ್ ಪಂದ್ಯದ ಆ ರಾತ್ರಿ ಸ್ಟೇಡಿಯಂನಲ್ಲಿದ್ದವರು ಇವತ್ತಿಗೂ ಅದನ್ನು ಹೇಳಿಕೊಂಡು ತಿರುಗುತ್ತಾರೆ. ನಾನೂ ಅವರಲ್ಲೊಬ್ಬ.

ರೋಕಾ 2018ರಲ್ಲಿ ಹೊರಟಾಗ ತಂಡ ಏನು ಮಾಡಿತು? ಹೊರಗೆ ಹುಡುಕಲಿಲ್ಲ. ಅವರ ಸಹಾಯಕರಾಗಿದ್ದ ಕ್ವಾದ್ರಾತ್ ಅವರನ್ನೇ ಕೂರಿಸಿತು. ಆಟಗಾರರ ಹೆಸರು, ಊರು, ಮಂಡಿ ನೋವು ಎಲ್ಲ ಅವರಿಗೆ ಗೊತ್ತಿತ್ತು. ಮೊದಲ ವರ್ಷವೇ ಕಪ್ ಬಂತು. ನನ್ನ ಪ್ರಕಾರ ನಮ್ಮ ಕ್ಲಬ್ ಮಾಡಿದ ಅತ್ಯಂತ ಜಾಣ ಆಯ್ಕೆ ಅದು. ದೊಡ್ಡ ಹೆಸರಿಗೆ ಹೋಗಲಿಲ್ಲ. ಹಿಡಿದ ದಾರಿಯನ್ನು ಬಿಡಲಿಲ್ಲ.

ಇನ್ನು ಗ್ರೇಸನ್ ವಿಷಯ. ಅವರ ಬಗ್ಗೆ ಈ ವಾರ ಬಹಳ ಕೆಟ್ಟ ಮಾತು ಕೇಳಿದೆ. "ಔಟ್‌ಡೇಟೆಡ್" ಅಂದರು ಆಫೀಸಿನಲ್ಲಿ ಒಬ್ಬರು. ಅವರು ಕಳೆದ ಸೀಸನ್ನಿನ ಫೈನಲ್ ನೋಡಿದ್ದರೋ ಇಲ್ಲವೋ. ಇದೇ ಗ್ರೇಸನ್ 2010ರಲ್ಲಿ ಮೂರನೇ ಹಂತದ ಲೀಗಿನಲ್ಲಿದ್ದ ಲೀಡ್ಸ್ ಕರೆದುಕೊಂಡು ಹೋಗಿ ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಸೋಲಿಸಿದವರು. ಬ್ಲ್ಯಾಕ್‌ಪೂಲ್, ಲೀಡ್ಸ್, ಹಡರ್ಸ್‌ಫೀಲ್ಡ್, ಪ್ರೆಸ್ಟನ್, ಈ ನಾಲ್ಕೂ ತಂಡಗಳನ್ನು ಆ ಮೂರನೇ ಹಂತದಿಂದ ಮೇಲೆ ಎತ್ತಿದವರು. ನಮಗೆ ಬಂದ ಕೆಲವೇ ತಿಂಗಳಲ್ಲಿ ಡ್ಯುರಾಂಡ್ ಕಪ್ ಗೆದ್ದುಕೊಟ್ಟರು. ಕೊಲ್ಕತ್ತಾದ ಆ ಫೈನಲ್‌ನಲ್ಲಿ ಸೋತದ್ದು ಮುಂಬೈ ಸಿಟಿಯೇ.

ಹೋದ ವರ್ಷದ ಡಿಸೆಂಬರನ್ನು ಯಾರಾದರೂ ನೆನಪಿಸಿಕೊಳ್ಳುತ್ತಿದ್ದಾರಾ? ಆಗಲೂ ನಾವು ಪಟ್ಟಿಯ ಕೆಳಗಡೆ ಇದ್ದೆವು. ಆಗಲೂ ಕೋಚನ್ನು ಕಳಿಸಿ ಅನ್ನುವ ಕೂಗಿತ್ತು. ಕಳಿಸಲಿಲ್ಲ. ಲೀಗಿನ ಕೊನೆಯ ಎಂಟು ಪಂದ್ಯವನ್ನೂ ತಂಡ ಗೆದ್ದಿತು. ಪ್ಲೇಆಫ್‌ನಲ್ಲಿ ಸುನಿಲ್ ಛೇತ್ರಿ ಥಟ್ಟನೆ ಹೊಡೆದ ಫ್ರೀ ಕಿಕ್‌ಗೆ ಕೇರಳ ಬ್ಲಾಸ್ಟರ್ಸ್ ತಂಡದವರು ಸಿಟ್ಟಾಗಿ ಮೈದಾನ ಬಿಟ್ಟೇ ಹೋದರು. ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಶೂಟೌಟ್‌ನಲ್ಲಿ ಹೊರಗೆ ಹಾಕಿದೆವು. ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು 2-2, ಮತ್ತೆ ಶೂಟೌಟ್, ಅಲ್ಲಿ ಸೋತೆವು. ಅದೇ ಕೋಚ್, ಅದೇ ತಿಂಗಳು, ಸುಮಾರು ಅದೇ ಜಾಗ. ಒಂದು ವರ್ಷದಲ್ಲಿ ಏನು ಬದಲಾಯಿತು?

ಆಟಗಾರರು ಬದಲಾದರು. ರಾಯ್ ಕೃಷ್ಣ ಒಡಿಶಾ ತಂಡಕ್ಕೆ ಹೋದರು. ಸಂದೇಶ್ ಝಿಂಗನ್ ಗೋವಾಕ್ಕೆ. ತಂಡದಲ್ಲೇ ಬೆಳೆದ ಉದಾಂತ ಸಿಂಗ್ ಕೂಡ ಗೋವಾಕ್ಕೆ. ಪ್ರಬೀರ್ ದಾಸ್ ಕೇರಳಕ್ಕೆ. ತಂಡ ಹುಟ್ಟಿದಾಗಿನಿಂದ ಕಚೇರಿ ನೋಡಿಕೊಂಡಿದ್ದ ಮಂದಾರ್ ತಮ್ಹಾಣೆ ನಾರ್ತ್‌ಈಸ್ಟ್‌ಗೆ ಹೊರಟರು. ಡಿಫೆನ್ಸ್ ಹೋಯಿತು, ಗೋಲು ಹೊಡೆಯುವವರು ಹೋದರು, ಕೋಚನ್ನು ಆರಿಸಿದವರಲ್ಲೇ ಒಬ್ಬರು ಹೋದರು. ಉಳಿದದ್ದು 39 ವರ್ಷದ ಛೇತ್ರಿ ಮೇಲಿನ ನಂಬಿಕೆ. ಇಷ್ಟೆಲ್ಲ ಆದಮೇಲೆ ಪಂಜಾಬ್ ಜೊತೆ 3-3 ಆಗುತ್ತದೆ, ಮುಂಬೈ ನಾಲ್ಕು ಹೊಡೆಯುತ್ತದೆ. ಇದನ್ನು ಒಬ್ಬ ಕೋಚಿನ ತಲೆಗೆ ಕಟ್ಟುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು ವಿಷಯ ಬಹಳ ಜನ ಗಮನಿಸಲಿಲ್ಲ. ಶುಕ್ರವಾರ ನಮ್ಮನ್ನು ಸೋಲಿಸಿದ ಮುಂಬೈಗೂ ಅವತ್ತು ಕಾಯಂ ಕೋಚ್ ಇರಲಿಲ್ಲ! ಅವರ ಕೋಚ್ ಡೆಸ್ ಬಕಿಂಗ್‌ಹ್ಯಾಮ್ ನವೆಂಬರಿನಲ್ಲೇ ಆಕ್ಸ್‌ಫರ್ಡ್ ಯುನೈಟೆಡ್‌ಗೆ ಹೊರಟುಹೋಗಿದ್ದರು. ಬೆಂಚಿನಲ್ಲಿ ಕೂತಿದ್ದವರು ಸಹಾಯಕ ಕೋಚ್. ಆದರೂ ತಂಡ ಅದೇ ಆಟ ಆಡಿತು. ಯಾಕಂದರೆ ಅಲ್ಲಿ ಆಟದ ರೀತಿ ಕ್ಲಬ್ಬಿನದು, ಕೋಚಿನದಲ್ಲ. ಅದಕ್ಕೂ ಹಿಂದಿನ ಕೋಚ್ ಲೊಬೆರಾ ಹೋದಾಗ ಬಕಿಂಗ್‌ಹ್ಯಾಮ್ ಬಂದರು. ಅದೇ ಮಾಲೀಕರ ಮೆಲ್ಬರ್ನ್ ತಂಡದಲ್ಲಿ ಕೆಲಸ ಮಾಡಿದ್ದವರು. ಬರುವವರು ಯಾರು ಅನ್ನುವ ಮೊದಲು ಎಂಥ ಆಟ ಬೇಕು ಅಂತ ಅವರು ತೀರ್ಮಾನ ಮಾಡಿಕೊಂಡಿದ್ದಾರೆ. ಅವರ ಹತ್ತಿರ ದುಡ್ಡು ಜಾಸ್ತಿ ಇದೆ, ಒಪ್ಪುತ್ತೇನೆ. ಆದರೆ ಈ ತೀರ್ಮಾನಕ್ಕೆ ದುಡ್ಡು ಬೇಕಾಗಿಲ್ಲ. ನಾವೇ 2018ರಲ್ಲಿ ಇದನ್ನು ಮಾಡಿದ್ದೆವಲ್ವಾ?

ಪಕ್ಕ ಕೂತಿದ್ದ ಹಿರಿಯರ ಪ್ರಶ್ನೆಗೆ ವಾಪಸ್ ಬರುತ್ತೇನೆ. ಯಾರನ್ನ ತರ್ತೀಯಪ್ಪಾ? ಹುಡುಗ ಉತ್ತರ ಕೊಟ್ಟ ಮೇಲೆ ಅವರು ಸುಮ್ಮನಾದರು. ಅವರ ಮನಸ್ಸಿನಲ್ಲಿ ಯಾವುದಾದರೂ ಹೆಸರಿತ್ತಾ? ಕೇಳಬೇಕು ಅನ್ನಿಸಿತ್ತು, ಅಷ್ಟರಲ್ಲಿ ನಾಲ್ಕನೇ ಗೋಲು ಬಿತ್ತು. ಕಬ್ಬನ್ ಪಾರ್ಕ್ ಮೆಟ್ರೋ ತನಕ ಜೊತೆಯಲ್ಲಿ ನಡೆಯುವಾಗ ಅವರು ಮಾತಾಡಿದ್ದೆಲ್ಲ ಹಳೆಯ ಆಟಗಾರರ ಬಗ್ಗೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮೂರಿನವರು ಅಂತ ಹೇಳಿದರು. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಗಲ್ಲಿಗಳಿಂದ ಎಷ್ಟು ಜನ ದೇಶಕ್ಕೆ ಆಡಿದರು ಅಂತ ಹೇಳಿದರು. ಕ್ಲಬ್ ಹುಟ್ಟುವ ಎಷ್ಟೋ ದಶಕ ಮೊದಲೇ ಈ ಊರಿಗೆ ಫುಟ್‌ಬಾಲ್ ಗೊತ್ತಿತ್ತು.

ಇದೇ ವರ್ಷ ಮಾರ್ಚ್ 3ರಂದು ನಾವೆಲ್ಲ ಕೇರಳ ಪಂದ್ಯದ ಗಲಾಟೆಯಲ್ಲಿ ಮುಳುಗಿದ್ದೆವು. ಮರುದಿನ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ನಂತರ! ಹಿಂದೆ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಅಂತಿತ್ತು. ಕೋಚ್ ರವಿ ಬಾಬು ರಾಜು. ಈ ಹೆಸರು ಕಂಠೀರವದ ಗ್ಯಾಲರಿಯಲ್ಲಿ ಎಷ್ಟು ಜನರಿಗೆ ಗೊತ್ತಿದೆ? ನನಗೆ ಇದು ನಿಜವಾಗಿಯೂ ನೋವಿನ ವಿಷಯ.

ನಮ್ಮ ದೇಶದ ಕೋಚ್‌ಗಳನ್ನು ಕರೆಯುವುದು ಯಾವಾಗ? ಬೇರೆಯವರು ಹೋದಾಗ, ಹೊಸಬರು ಬರುವ ತನಕ. 2021ರಲ್ಲಿ ನೌಶಾದ್ ಮೂಸಾ, ಈಗ ರೆನೆಡಿ. ಮೂಸಾ ಆಮೇಲೆ ನಮ್ಮ ಕಿರಿಯರ ತಂಡವನ್ನು 2022ರ ಡೆವಲಪ್‌ಮೆಂಟ್ ಲೀಗ್ ಚಾಂಪಿಯನ್ ಮಾಡಿದರು. ರೆನೆಡಿ 2022ರ ಜನವರಿಯಲ್ಲಿ ಸೋತು ಸುಣ್ಣವಾಗಿದ್ದ ಈಸ್ಟ್ ಬೆಂಗಾಲನ್ನು ಹಿಡಿದುಕೊಂಡು ಮುಂಬೈ ಸಿಟಿಯನ್ನು ಗೋಲಿಲ್ಲದೆ ನಿಲ್ಲಿಸಿದವರು. ಇನ್ನೊಬ್ಬ ಭಾರತೀಯ ಕೋಚ್ ಖಾಲಿದ್ ಜಮೀಲ್ ಐಜಾಲ್‌ನಂಥ ಸಣ್ಣ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟರು, 2021ರಲ್ಲಿ ನಾರ್ತ್‌ಈಸ್ಟ್ ಅವರನ್ನು ಕಾಯಂ ಮಾಡಿತು. ಐಎಸ್‌ಎಲ್ ಶುರುವಾಗಿ ಏಳು ವರ್ಷ ಆದಮೇಲೆ ಒಬ್ಬ ಭಾರತೀಯನಿಗೆ ಆ ಕುರ್ಚಿ ಪೂರ್ತಿಯಾಗಿ ಸಿಕ್ಕಿದ್ದು. ಅಷ್ಟು ತಡ ಯಾಕೆ ಆಗಬೇಕಿತ್ತು?

ವಿದೇಶಿ ಕೋಚ್ ಬೇಡ ಅಂತ ನಾನು ಹೇಳುತ್ತಿಲ್ಲ. ವೆಸ್ಟ್‌ವುಡ್, ರೋಕಾ, ಕ್ವಾದ್ರಾತ್ ನಮಗೆ ಕೊಟ್ಟದ್ದನ್ನು ಯಾರು ಮರೆಯಲಿಕ್ಕೆ ಸಾಧ್ಯ? ನಾನು ಕೇಳುವುದು ಇಷ್ಟೇ. ರೆನೆಡಿಗೆ ಈ ಸೀಸನ್ ಮುಗಿಯುವ ತನಕ ಬಿಡಿ. ಉಳಿದ ಪಂದ್ಯಗಳಲ್ಲಿ ಹುಡುಗರನ್ನು ಆಡಿಸಲಿ. ಸೋತರೂ ನಾವು ಬರುತ್ತೇವೆ. ಆಮೇಲೆ ನಿಧಾನಕ್ಕೆ ಕೂತು, ಎಂಥ ಆಟ ಬೇಕು ಅಂತ ಮೊದಲು ತೀರ್ಮಾನಿಸಿ, ಅದಕ್ಕೆ ಹೊಂದುವವರನ್ನು ಕರೆಯಿರಿ. ಡಿಸೆಂಬರಿನಲ್ಲಿ ಬಂದವರಿಗೆ ಬೇರೆಯವರು ಆರಿಸಿದ ಆಟಗಾರರು ಸಿಗುತ್ತಾರೆ, ತರಬೇತಿಗೆ ಸಮಯ ಸಿಗುವುದಿಲ್ಲ. ಅವರೂ ಸೋತರೆ ಮುಂದಿನ ವರ್ಷ ಇದೇ ಕೂಗು.

ನನ್ನ ಮಾತು ನಡೆಯಲಿಕ್ಕಿಲ್ಲ. ಇಷ್ಟರಲ್ಲೇ ಒಂದು ಹೆಸರು ಹೊರಗೆ ಬರುತ್ತದೆ. ಬರಲಿ. ಆ ದಿನ ನಾನು ಮೊದಲು ನೋಡುವುದು ಅವರು ಎಲ್ಲೆಲ್ಲಿ ಏನೇನು ಗೆದ್ದಿದ್ದಾರೆ ಅಂತಲ್ಲ. ಒಪ್ಪಂದ ಎಷ್ಟು ವರ್ಷದ್ದು, ರೆನೆಡಿ ಅವರ ಪಕ್ಕದಲ್ಲಿ ಉಳಿಯುತ್ತಾರಾ, ಬಳ್ಳಾರಿಯ ನಮ್ಮ ಕ್ಲಬ್ಬಿನ ಅಕಾಡೆಮಿಗೆ ಹೊಸ ಕೋಚ್ ಯಾವಾಗ ಹೋಗುತ್ತಾರೆ, ಈ ಮೂರು. ಮುಂದಿನ ಹೋಮ್ ಮ್ಯಾಚಿಗೆ ಟಿಕೆಟ್ ತಗೊಂಡಾಗಿದೆ, ಅದೇ ಸಾಲಿನಲ್ಲಿ. ಆ ಹಿರಿಯರು ಬಂದರೆ ಈ ಸಲ ಅವರ ಮನಸ್ಸಿನಲ್ಲಿರುವ ಹೆಸರು ಕೇಳಿಯೇ ಕೇಳುತ್ತೇನೆ.