‘ಗೋವಹ್’ ಬಂದ ಕಡೆ ಪಕ್ಕದ ಪದ ನೋಡಿ

ಹೀಬ್ರೂ ಬೈಬಲಿನ ಕನ್ನಡ ಅನುವಾದವನ್ನು ಮೂಲದ ಜೊತೆ ಹೋಲಿಸಿ ನೋಡುವುದು ನನ್ನ ಕೆಲಸ. ಹೊಸದಾಗಿ ಸೇರುವವರು ಮೊದಲು ಕೇಳುವುದು ಪದಪಟ್ಟಿ ಇದೆಯಾ ಅಂತ. ಒಂದು ಹೀಬ್ರೂ ಪದ, ಎದುರಿಗೆ ಒಂದು ಕನ್ನಡ ಪದ. ಅಂಥವರನ್ನು ನಾನು ‘ಗೋವಹ್’ ಪದದ ಮುಂದೆ ಕೂರಿಸುತ್ತೇನೆ.

ಮೇಲ್ನೋಟಕ್ಕೆ ಅರ್ಥ ಸುಲಭ: ಎತ್ತರ. 1 ಸಮುವೇಲ 17ರಲ್ಲಿ ಗೊಲ್ಯಾತನ ಗೋವಹ್ ಆರು ಮೊಳ ಒಂದು ಗೇಣು. ಮೃತ ಸಮುದ್ರದ ಹತ್ತಿರದ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಹಳೆಯ ಸುರುಳಿಯಲ್ಲೂ ಹಳೆಯ ಗ್ರೀಕ್ ಅನುವಾದದಲ್ಲೂ ನಾಲ್ಕೇ ಮೊಳ ಒಂದು ಗೇಣು. ಒಂಬತ್ತೂವರೆ ಅಡಿಯ ದೈತ್ಯ ಆರೂವರೆ ಅಡಿಗೆ ಇಳಿದುಬಿಡುತ್ತಾನೆ! ಇರಲಿ, ಅದು ಅಡಿಟಿಪ್ಪಣಿಯವರ ಜಗಳ.

ಜ್ಞಾನೋಕ್ತಿ 16:18ರಲ್ಲಿ ಇದೇ ಗೋವಹ್ ಮನುಷ್ಯನ ಒಳಗೆ ಹೋಗುತ್ತದೆ. ಎಡವಿ ಬೀಳುವ ಮುಂಚೆ ಬರುವ ಗರ್ವ ಅದು. ಕೀರ್ತನೆ 101:5ರಲ್ಲಿ ‘ಎತ್ತರದ ಕಣ್ಣಿನವನು’ ಬರುತ್ತಾನೆ. ಕಣ್ಣು ನೆತ್ತಿಗೇರಿದವರನ್ನು ದಿನಾ ನೋಡುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಕೀರ್ತನೆ 10:4ರ ‘ಮೂಗಿನ ಎತ್ತರ’ ಮಾತ್ರ ಸ್ವಲ್ಪ ಕಷ್ಟ. ಹೀಬ್ರೂವಿನ ‘ಅಫ್’ ಮೂಗೂ ಹೌದು, ಕೋಪವೂ ಹೌದು. ನಮ್ಮಲ್ಲೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಗರ್ವವನ್ನು ನಾವು ಅಲ್ಲಿ ಅಷ್ಟಾಗಿ ಇಡುವುದಿಲ್ಲ.

ಇಷ್ಟು ನೋಡಿದ ಮೇಲೆ ಹೊಸಬರು ಒಂದು ನಿಯಮ ಬರೆದುಕೊಳ್ಳುತ್ತಾರೆ. ಮರ, ಗೋಡೆ, ಆಳು ಇದ್ದರೆ ಎತ್ತರ. ಕಣ್ಣು, ಮೂಗು, ಮನಸ್ಸು ಇದ್ದರೆ ಗರ್ವ. ಆಗ 2 ಪೂರ್ವಕಾಲವೃತ್ತಾಂತ ತೆಗೆಸುತ್ತೇನೆ. 26:16ರಲ್ಲಿ ರಾಜ ಉಜ್ಜೀಯನಿಗೆ ಬಲ ಬಂದ ಮೇಲೆ ಮನಸ್ಸು ‘ಗಾವಹ್’ (ಗೋವಹ್ ಪದದ ಕ್ರಿಯಾರೂಪ), ಎತ್ತರವಾಯಿತು. ಯಾಜಕರ ಕೆಲಸಕ್ಕೆ ಕೈ ಹಾಕಿ ಧೂಪ ಸುಡಲು ದೇವಾಲಯಕ್ಕೆ ನುಗ್ಗಿದ. ಹಣೆಯ ಮೇಲೆ ಕುಷ್ಠ ಎದ್ದಿತು. ನಿಯಮ ಸರಿಯಾಗಿ ಕೂರುತ್ತದೆ. ಈಗ 17:6. ರಾಜ ಯೆಹೋಷಾಫಾಟ. ಅದೇ ಕ್ರಿಯಾಪದ, ಅದೇ ಮನಸ್ಸು. ಆದರೆ ಎತ್ತರವಾಗಿದ್ದು ‘ದೇವರ ದಾರಿಗಳಲ್ಲಿ’. ಮುಂದಿನ ವಚನದಲ್ಲೇ ಊರೂರಿಗೆ ಧರ್ಮಶಾಸ್ತ್ರ ಕಲಿಸಲು ಜನರನ್ನು ಕಳಿಸುತ್ತಾನೆ. ಇಲ್ಲಿ ಗರ್ವ ಅಂತ ಹಾಕಿದರೆ ವಾಕ್ಯ ಹಳ್ಳ ಹಿಡಿಯುತ್ತದೆ.

ಎರಡೂ ಕಡೆ ‘ಮನಸ್ಸು ಉಬ್ಬಿತು’ ಅನ್ನಬಹುದಲ್ಲ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ಜಾಣ ಸಲಹೆ. ಪದದ ನಂಟೂ ಉಳಿಯುತ್ತದೆ. ಆದರೆ ಗಟ್ಟಿಯಾಗಿ ಓದಿ ನೋಡಿದಾಗ ಯೆಹೋಷಾಫಾಟನ ಮೇಲೆ ಸುಮ್ನೆ ಅನುಮಾನ ಬರುತ್ತಿತ್ತು. ನನ್ನ ಮತ ‘ಹುಮ್ಮಸ್ಸು’ ಪದಕ್ಕೆ.

ಈಗ ನಮ್ಮ ಪಟ್ಟಿಯಲ್ಲಿ ಪ್ರತಿ ಪದಕ್ಕೂ ಒಂದು ಅಂಕಣ ಜಾಸ್ತಿ ಇದೆ: ಯಾರದ್ದು, ಯಾವುದರಲ್ಲಿ. ಅದನ್ನು ತುಂಬದೆ ಯಾರೂ ಕನ್ನಡ ಪದ ಬರೆಯುವಂತಿಲ್ಲ. ಯೋಬ 40:10ರ ಸಾಲು ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿ ದೇವರು ಯೋಬನನ್ನು ಕೆಣಕುತ್ತಾ, ಗೋವಹ್ ತೊಟ್ಟು ಸಿಂಗರಿಸಿಕೋ ನೋಡೋಣ ಅನ್ನುತ್ತಾನೆ. ‘ಘನತೆ’ ಅಂದರೆ ಕೆಣಕುವುದು ಕಾಣುವುದಿಲ್ಲ. ‘ಗರ್ವ’ವನ್ನು ಯಾರೂ ಒಡವೆಯಂತೆ ತೊಡುವುದಿಲ್ಲ. ಸದ್ಯಕ್ಕೆ ‘ಹಿರಿಮೆ’ ಅಂತ ಪೆನ್ಸಿಲಿನಲ್ಲಿ ಬರೆದಿದ್ದೇವೆ.