ಪ್ರೂಫ್ ಕೆಟ್ಟರೆ ಮೊದಲು ಉಳಿ ಎತ್ತಬೇಡಿ: ವುಡ್ ಎನ್‌ಗ್ರೇವಿಂಗ್ ಕೆಲಸದ ಪಾಠ

ಮರದ ಬ್ಲಾಕಿನ ಮೇಲೆ ಚಿತ್ರ ಕೆತ್ತಿ, ಇಂಕ್ ಹಚ್ಚಿ ಕಾಗದದ ಮೇಲೆ ಅಚ್ಚೊತ್ತುವ ವುಡ್ ಎನ್‌ಗ್ರೇವಿಂಗ್ ಕಲಿಯಲು ಬರುವವರು ಸಾಮಾನ್ಯವಾಗಿ ಎಡವುವುದು ಮೊದಲ ಪ್ರೂಫ್‌ನಲ್ಲಿ, ಅಂದರೆ ಪರೀಕ್ಷೆಗೆ ತೆಗೆದ ಅಚ್ಚಿನಲ್ಲಿ. ಸಣ್ಣ ಬಿಳಿ ಗೆರೆಗಳು ಮುಚ್ಚಿಹೋಗಿರುವುದು ಕಾಣುತ್ತದೆ, ಕೆತ್ತಿದ್ದು ಸಾಲಲಿಲ್ಲ ಎಂದುಕೊಂಡು ಮತ್ತೆ ಉಳಿ ಹಿಡಿಯುತ್ತಾರೆ. ಗೆರೆ ಅಗಲವಾಗುತ್ತದೆ, ಪಕ್ಕದ ಕಪ್ಪು ತೆಳ್ಳಗಾಗುತ್ತದೆ. ಆಮೇಲೆ ಇಂಕ್ ಹದಕ್ಕೆ ಬಂದಾಗ ಚಿತ್ರ ಪೇಲವವಾಗಿ ಬೀಳುತ್ತದೆ. ತೆಗೆದ ಮರವನ್ನು ವಾಪಸ್ ಹಚ್ಚಲು ಬರುವುದಿಲ್ಲ. ಅದಕ್ಕೇ ಈ ಕೆಲಸದಲ್ಲಿ ಒಂದು ಕ್ರಮ ಪಾಲಿಸಬೇಕು: ಪ್ರೂಫ್ ಕೆಟ್ಟರೆ ಮೊದಲು ಇಂಕ್ ನೋಡಿ, ಆಮೇಲೆ ಒತ್ತಡ, ಆಮೇಲೆ ಕಾಗದ. ಉಳಿಯ ಸರದಿ ಕೊನೆಗೆ.

ಮರದ ಅಚ್ಚಿನ ಇನ್ನೊಂದು ಬಗೆಯಾದ ವುಡ್‌ಕಟ್‌ಗೂ ಇದಕ್ಕೂ ಇರುವ ವ್ಯತ್ಯಾಸ ಮರದಲ್ಲೇ ಶುರುವಾಗುತ್ತದೆ. ವುಡ್‌ಕಟ್‌ಗೆ ಉದ್ದಕ್ಕೆ ಸೀಳಿದ ಹಲಗೆ ಬೇಕು, ಅಲ್ಲಿ ಉಳಿ ನಾರಿನ ದಿಕ್ಕಿಗೆ ಎಳೆಯುತ್ತದೆ. ಎನ್‌ಗ್ರೇವಿಂಗ್‌ಗೆ ಕಾಂಡವನ್ನು ಅಡ್ಡಲಾಗಿ ಕೊಯ್ದ ಬಿಲ್ಲೆಯ ಮುಖ ಬೇಕು. ಅಲ್ಲಿ ನಾರುಗಳು ನೆಟ್ಟಗೆ ನಿಂತಿರುವುದರಿಂದ ಉಳಿ ಎಲ್ಲ ದಿಕ್ಕಿಗೂ ಒಂದೇ ಸಮ ಓಡುತ್ತದೆ, ಕೂದಲೆಳೆಯಂಥ ಗೆರೆಯೂ ಸಿಬಿರೇಳದೆ ಬರುತ್ತದೆ. ಬಾಕ್ಸ್‌ವುಡ್ ಇದಕ್ಕೆ ಉತ್ತಮ. ಆ ಮರ ದಪ್ಪ ಬೆಳೆಯುವುದಿಲ್ಲವಾದ್ದರಿಂದ ದೊಡ್ಡ ಬ್ಲಾಕ್ ಬೇಕಾದರೆ ತುಂಡುಗಳನ್ನು ಅಂಟಿಸಿಯೇ ಮಾಡುತ್ತಾರೆ. ಪ್ರೆಸ್‌ನಲ್ಲಿ ಅಚ್ಚುಮೊಳೆಗಳ ಜೊತೆ ಕೂರಬೇಕಾದರೆ ಬ್ಲಾಕಿನ ಎತ್ತರ 0.918 ಇಂಚು, ಅಂದರೆ ಸುಮಾರು 23.3 ಮಿ.ಮೀ. ಇರಬೇಕು.

ಕೆತ್ತುವ ಮೊದಲು ಮುಖಕ್ಕೆ ಇಂಡಿಯನ್ ಇಂಕನ್ನು ತೆಳ್ಳಗೆ ಸವರಿ ಕಪ್ಪಾಗಿಸಿ. ನೀರು ಹೆಚ್ಚಾದರೆ ನಾರು ಉಬ್ಬಿ ಮುಖ ತರಿತರಿಯಾಗುತ್ತದೆ. ಕಪ್ಪಿನ ಮೇಲೆ ಕೆತ್ತಿದ್ದೆಲ್ಲ ಮರದ ಬಣ್ಣದಲ್ಲಿ ಹೊಳೆಯುತ್ತದೆ, ಅಚ್ಚಿನಲ್ಲಿ ಅದೇ ಬಿಳಿಯಾಗಿ ಬರುತ್ತದೆ. ಕಪ್ಪು ಗೆರೆಯ ಎರಡೂ ಬದಿ ಕೊರೆಯುವ ಅಭ್ಯಾಸ ಬಿಟ್ಟು, ಬೆಳಕನ್ನೇ ಕೆತ್ತಲು ಕಲಿಯಬೇಕು. ಬಂಗಾಳದ ವುಡ್ ಎನ್‌ಗ್ರೇವಿಂಗ್ ಕಲಾವಿದ ಹರೇನ್ ದಾಸ್ ಅವರ ಅಚ್ಚುಗಳನ್ನು ಭೂತಗನ್ನಡಿ ಹಿಡಿದು ನೋಡಿ. ಆಕಾಶ, ನೀರು, ಹುಲ್ಲು ಎಲ್ಲವೂ ಗೆರೆಯ ಅಂತರದಲ್ಲೇ ಬೇರೆಬೇರೆಯಾಗಿವೆ. ಈ ಕಲೆಯ ಆಳ ನಮಗೆ ಅಲ್ಲಿ ಕಾಣುತ್ತದೆ.

ಉಳಿಗಳು ನಾಲ್ಕು ಬಗೆಯವಿದ್ದರೆ ಸಾಕು: ನೇರ ಗೆರೆಗೆ ಬ್ಯೂರಿನ್, ಬಾಗಿದ ಗೆರೆಗೆ ಸ್ಪಿಟ್‌ಸ್ಟಿಕರ್, ಒಂದೇ ದಪ್ಪದ ಸಾಲುಗೆರೆಗೆ ಟಿಂಟ್ ಟೂಲ್, ಅಗಲ ಬಿಳಿ ತೆಗೆಯಲು ಸ್ಕಾರ್ಪರ್. ಹಿಡಿ ಅಂಗೈಯಲ್ಲಿ ಕೂರಬೇಕು, ತುದಿ ಹೆಬ್ಬೆರಳಿನಿಂದ ಸುಮಾರು 2 ಸೆಂ.ಮೀ. ಮುಂದಿರಬೇಕು. ಹೆಬ್ಬೆರಳು ಬ್ಲಾಕಿನ ಮೇಲೆ ಊರಿ ಬ್ರೇಕಿನಂತೆ ಕೆಲಸ ಮಾಡುತ್ತದೆ. ಬಾಗಿದ ಗೆರೆ ಬೇಕಾದಾಗ ಕೈ ತಿರುಗಿಸಬೇಡಿ, ಚರ್ಮದ ಮರಳುಚೀಲದ ಮೇಲಿರುವ ಬ್ಲಾಕನ್ನೇ ಇನ್ನೊಂದು ಕೈಯಿಂದ ತಿರುಗಿಸಿ. ಉಳಿಯನ್ನು ಪಕ್ಕಕ್ಕೆ ವಾಲಿಸಿದರೆ ಕಪ್ಪು ಗೆರೆಯ ಬುಡ ಕೊರೆದುಹೋಗಿ ಒತ್ತಡಕ್ಕೆ ಮುರಿದು ಬೀಳುತ್ತದೆ. ಮೊನೆಯನ್ನು ಉಗುರಿಗೆ ತಾಗಿಸಿ ನೋಡಿ. ಕಚ್ಚಿದರೆ ಹರಿತವಿದೆ, ಜಾರಿದರೆ ಎಣ್ಣೆಕಲ್ಲಿಗೆ ಒಯ್ಯಿರಿ, ಮುಖವನ್ನು ಸುಮಾರು 45 ಡಿಗ್ರಿಯಲ್ಲಿ ಮಸೆಯಿರಿ. ಮೊಂಡು ಉಳಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಅದು ಜಾರಿ ಚಿತ್ರದ ಮೇಲೆ ಓಡುತ್ತದೆ. ಹಿಂಬದಿಯ ಒತ್ತಿನಿಂದ ಕೆತ್ತಿದ ಅಂಚು ಜಜ್ಜದಿರಲು ಉಳಿಯ ಕೆಳಗೆ ತೆಳು ರಟ್ಟಿನ ಚೂರು ಇಡಿ.

ಈಗ ಪ್ರೂಫ್‌ಗೆ ಬರೋಣ.

ಬಿಳಿ ಗೆರೆ ಮುಚ್ಚಿದರೆ ಬಹುತೇಕ ಇಂಕೇ ಕಾರಣ. ಎಣ್ಣೆಯಾಧಾರಿತ ಲೆಟರ್‌ಪ್ರೆಸ್ ಕಪ್ಪು ಗಟ್ಟಿಯಾಗಿ, ಜಿಗುಟಾಗಿ ಇರಬೇಕು. ಮೆತ್ತಗಿದ್ದರೆ ಸ್ವಲ್ಪ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಕಲಸಿ. ಗಾಜಿನ ಮೇಲೆ ಹರಡಿದ ಪದರ ರೇಷ್ಮೆಯಂತೆ ಕಾಣಬೇಕು, ರೋಲರ್ ಎಳೆದಾಗ ಸಣ್ಣಗೆ ಸರಸರ ಸದ್ದು ಬರಬೇಕು. ಪಚಪಚ ಎಂದರೆ ಇಂಕ್ ಹೆಚ್ಚಾಗಿದೆ. ಒಂದೇ ಸಲ ದಪ್ಪಗೆ ಹಚ್ಚುವ ಬದಲು ತೆಳ್ಳಗೆ ಹಲವು ಸಲ, ಬೇರೆಬೇರೆ ದಿಕ್ಕಿನಿಂದ ಉರುಳಿಸಿ. ಮೆತ್ತನೆ ರೋಲರ್ ಕೂಡ ಗೆರೆಯೊಳಗೆ ಇಳಿದು ಇಂಕ್ ತುಂಬುತ್ತದೆ.

ಇಂಕ್ ಸರಿಯಿದ್ದೂ ಮುಚ್ಚುತ್ತಿದ್ದರೆ ಒತ್ತಡವನ್ನು ನಿರ್ಧರಿಸುವ ಪ್ಯಾಕಿಂಗ್, ಅಂದರೆ ಒತ್ತುವಾಗ ಕಾಗದದ ಬೆನ್ನಿಗಿಡುವ ಹಾಸು, ನೋಡಿ. ಉಣ್ಣೆಬಟ್ಟೆಯಂಥ ಮೆತ್ತನೆ ಹಾಸು ಕಾಗದವನ್ನು ಗೆರೆಯೊಳಗೆ ತಳ್ಳುತ್ತದೆ. ಈ ಕೆಲಸಕ್ಕೆ ಗಟ್ಟಿಯಾದ, ನುಣುಪಾದ ಕೆಲವು ಹಾಳೆಗಳೇ ಸಾಕು. ಕಪ್ಪಿನಲ್ಲಿ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಒತ್ತಡವೋ ಇಂಕೋ ಸಾಲದು, ಇಲ್ಲವೇ ಕಾಗದ ಒರಟು. ಅಂಚು ಗಾಢವಾಗಿ ನಡು ಮಂಕಾದರೆ ಅಂಚಿಗೆ ಒತ್ತಡ ಹೆಚ್ಚು ಬೀಳುತ್ತಿದೆ, ರೋಲರ್ ಕೂಡ ಅಂಚಿನಲ್ಲಿ ಕೆಳಗೆ ಜಾರುತ್ತಿದೆ. ಬ್ಲಾಕಿನ ಎರಡೂ ಪಕ್ಕ ಅಷ್ಟೇ ಎತ್ತರದ ಪಟ್ಟಿ ಇಟ್ಟರೆ ರೋಲರ್ ಸಮತಲವಾಗಿ ಸಾಗುತ್ತದೆ. ನಡುವಿನ ಮಂಕಿಗೆ, ಆ ಜಾಗದ ಆಕಾರಕ್ಕೆ ಹರಿದ ಟಿಶ್ಯೂ ಕಾಗದವನ್ನು ಪ್ಯಾಕಿಂಗ್‌ನಲ್ಲಿ ಅಂಟಿಸಿ. ಕತ್ತರಿಸಿದರೆ ಅದರ ಅಂಚು ಅಚ್ಚಿನಲ್ಲಿ ಗೆರೆಯಾಗಿ ಮೂಡುತ್ತದೆ, ಹರಿದ ಅಂಚು ಮೂಡುವುದಿಲ್ಲ. ಗೆರೆಗಳು ಜೋಡಿಯಾಗಿ ಬಂದರೆ ಬ್ಲಾಕ್ ಅಥವಾ ಕಾಗದ ಅಲುಗುತ್ತಿದೆ.

ಒತ್ತಡವನ್ನು ಬ್ಲಾಕಿನಲ್ಲೇ ಯೋಚಿಸಿದವರು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಕೆತ್ತನೆಗಾರ ಥಾಮಸ್ ಬೆವಿಕ್ (1753–1828). ದೂರದ ಬೆಟ್ಟ, ಮರಗಳು ಬರುವ ಜಾಗವನ್ನು ಕೆತ್ತುವ ಮೊದಲೇ ಅವರು ಕೂದಲಷ್ಟು ತಗ್ಗಿಸುತ್ತಿದ್ದರು. ತಗ್ಗಿನ ಮೇಲೆ ಒತ್ತಡ ಕಡಿಮೆ ಬಿದ್ದು ಅಲ್ಲಿನ ಕಪ್ಪು ತಾನೇ ಬೂದಾಗುತ್ತದೆ. ಬ್ರಿಟನ್ನಿನ ಹಕ್ಕಿಗಳ ಕುರಿತ ಅವರ ಪುಸ್ತಕದ ಮೊದಲ ಸಂಪುಟ 1797ರಲ್ಲಿ ಬಂತು. ಅದರ ಪುಟ್ಟ ಚಿತ್ರಗಳ ಹಿನ್ನೆಲೆ ಹಿಂದೆ ಸರಿದಂತೆ ಕಾಣಲು ಈ ಉಪಾಯಕ್ಕೂ ಪಾಲಿದೆ. ಇದರ ಮುಂದೆ ಇಂದಿನ ನಮ್ಮ ಅನೇಕ ಅಚ್ಚುಗಳು ಎಲ್ಲೆಡೆ ಒಂದೇ ಕಪ್ಪಾಗಿ ಸಪ್ಪೆಯಾಗಿ ಕಾಣುತ್ತವೆ.

ಇಂಕ್, ಪ್ಯಾಕಿಂಗ್, ಕಾಗದ ಮೂರನ್ನೂ ಒಂದೊಂದಾಗಿ ಬದಲಿಸಿ ತೆಗೆದ ಪ್ರೂಫ್‌ಗಳಲ್ಲಿ ಒಂದೇ ಜಾಗದಲ್ಲಿ ಒಂದೇ ದೋಷ ಉಳಿದರೆ, ಆಗ ಉಳಿ ಎತ್ತಿ. ಒಟ್ಟಿಗೆ ಎರಡನ್ನು ಬದಲಿಸಿದರೆ ಯಾವುದು ಗುಣ ಕೊಟ್ಟಿತು ಎಂಬುದೇ ತಿಳಿಯದು. ಪ್ರತಿ ಪ್ರೂಫ್‌ನ ಹಿಂದೆ ಪೆನ್ಸಿಲ್‌ನಲ್ಲಿ ಇಂಕ್, ಹಾಳೆಗಳ ಸಂಖ್ಯೆ, ಕಾಗದ ಬರೆದಿಡಿ. ಬಿಳಿಯನ್ನು ಯಾವಾಗ ಬೇಕಾದರೂ ಸೇರಿಸಬಹುದು. ಹಾಗಾಗಿ ಮೊದಲ ಹಂತದಲ್ಲಿ ಚಿತ್ರವನ್ನು ಬೇಕಾದ್ದಕ್ಕಿಂತ ಕಪ್ಪಾಗಿಯೇ ನಿಲ್ಲಿಸಿ.

ತಪ್ಪಿ ಕೆತ್ತಿದ ಜಾಗವನ್ನು ರಂಧ್ರ ಕೊರೆದು, ಅದೇ ಮರದ ಅಡ್ಡಕೊಯ್ತದ ಬೆಣೆ ಬಡಿದು, ಸಮ ಮಾಡಿ ಮತ್ತೆ ಕೆತ್ತಬಹುದು. ಬೆಣೆಯ ಸುತ್ತಿನ ಸಂದು ಸಣ್ಣ ಬಿಳಿ ಬಳೆಯಾಗಿ ಮೂಡುವುದುಂಟು. ರಂಧ್ರದ ಅಂಚು ಈಗಿರುವ ಬಿಳಿ ಗೆರೆಗಳ ಮೇಲೆ ಬರುವಂತೆ ಜಾಗ ಆರಿಸಿದರೆ ಅದು ಮರೆಯಾಗುತ್ತದೆ. ಕೆತ್ತದ ಜಾಗದಲ್ಲಿ ಬರೀ ತಗ್ಗು ಬಿದ್ದಿದ್ದರೆ ಒಂದು ಹನಿ ನೀರಿಟ್ಟು ಹತ್ತಿರ ಬಿಸಿ ಹಿಡಿಯಿರಿ, ನಾರು ಉಬ್ಬಿ ಮೇಲೇಳುತ್ತದೆ.

ನೀರಿಗೆ ಇರುವ ಕೆಲಸ ಅಷ್ಟೇ. ಬ್ಲಾಕ್ ತೊಳೆಯಲು ನೀರು ಬೇಡ. ಬಟ್ಟೆಗೆ ಸ್ವಲ್ಪ ಟರ್ಪೆಂಟೈನ್ ಹಾಕಿ ಒರೆಸಿ, ಗೆರೆಯೊಳಗಿನ ಇಂಕನ್ನು ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಒಣಗಿದ ಇಂಕ್ ಮುಂದಿನ ಸಲ ಗೆರೆಯ ಆಳವನ್ನೇ ತಿನ್ನುತ್ತದೆ. ಮೇಜಿನ ಮೇಲೆ ಮಲಗಿಸಿಟ್ಟರೆ ಕೆಳಮುಖಕ್ಕೆ ಗಾಳಿ ತಾಗದೆ ಬ್ಲಾಕ್ ಬಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ, ಬಯಲುಸೀಮೆಯ ಬೇಸಿಗೆಯಲ್ಲಿ ಇನ್ನೂ ಎಚ್ಚರ ಬೇಕು. ಬಿಸಿಲು, ಫ್ಯಾನಿನ ನೇರ ಗಾಳಿ ತಾಗದ ಕಪಾಟಿನಲ್ಲಿ, ಪುಸ್ತಕಗಳ ಹಾಗೆ ನಿಲ್ಲಿಸಿ, ಎರಡರ ನಡುವೆ ಬೆರಳಷ್ಟು ಜಾಗ ಬಿಡಿ.