ನೊಣದ ಹೊಟ್ಟೆ, ತಂಗಿಯ ಕುಬಸ

ಭಾನುವಾರ ಕಲಬುರಗಿಯಿಂದ ಅವ್ವನ ಫೋನು. ತಂಗಿಗೆ ಏಳು ತಿಂಗಳು, ಕುಬಸ ಇಟ್ಟುಕೊಂಡಿದ್ದಾರೆ. "ಅಲ್ಲಿ ಏನ್ ಉಣ್ಲಾಕತ್ತೀ?" ಅಂದಳು. ಸ್ಪೆಟ್ಸ್ಲೆ ಅಂದೆ. ನಾನಿರುವ ಜರ್ಮನಿಯ ಟ್ಯೂಬಿಂಗನ್ ಸೀಮೆಯ ಊಟ. ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ಕುದಿಯುವ ನೀರಿಗೆ ಬಿಡುತ್ತಾರೆ. ಗಿಡ್ಡ, ದಪ್ಪ ಶಾವಿಗೆ ಅಂದುಕೊಳ್ಳಿ. ಶೇಂಗಾ ಹಿಂಡಿ ಇದ್ದರಷ್ಟೇ ನನಗೆ ಇಳಿಯುತ್ತದೆ.

ಸ್ಪೆಟ್ಸ್ಲೆ ಹೆಸರಿನ ಜೀನ್ (ವಂಶವಾಹಿ) ಒಂದಿದೆ ಅಂತ ಹೇಳಿದ್ದು ಪಕ್ಕದ ಮನೆಯವರು. ಅವರು ಇಲ್ಲಿನ ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಯಲ್ಲಿದ್ದಾರೆ. ಜೀವವಿಜ್ಞಾನಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಬಹಳ ವರ್ಷ ನಿರ್ದೇಶಕಿಯಾಗಿದ್ದದ್ದು ಅಲ್ಲೇ. 1995ರ ವೈದ್ಯಕೀಯ ನೊಬೆಲ್ ಅವರಿಗೂ ಅಮೆರಿಕದ ಎರಿಕ್ ವೀಶಾಸ್, ಎಡ್ವರ್ಡ್ ಲೂಯಿಸ್ ಅವರಿಗೂ ಸೇರಿ ಬಂತು. ನೋಡಿದ್ದು ಏನನ್ನು? ಮೆತ್ತಗಾದ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣವನ್ನು!

ಎರಿಕ್ ಮತ್ತು ಕ್ರಿಸ್ಟಿಯಾನೆ ಹೈಡಲ್‌ಬರ್ಗ್‌ನಲ್ಲಿ ಒಂದೇ ಮೈಕ್ರೋಸ್ಕೋಪಿನ ಎದುರುಬದುರು ಕೂತು, ಇಬ್ಬರೂ ಒಂದೇ ಮರಿಹುಳವನ್ನು ನೋಡುತ್ತಿದ್ದರಂತೆ. ಜೀನ್ ಕೆಡಿಸುವುದು, ಮೈಯಲ್ಲಿ ಏನು ತಪ್ಪಿತು ಅಂತ ಹುಡುಕುವುದು. 1980ರಲ್ಲಿ, ಮೈಯನ್ನು ತುಂಡು ತುಂಡಾಗಿ ಜೋಡಿಸುವ 15 ಜೀನ್‌ಗಳನ್ನು ಪ್ರಕಟಿಸಿದರು. ಸ್ಪೆಟ್ಸ್ಲೆ ಸಿಕ್ಕಿದ್ದು ಆಮೇಲೆ. ಅದರಿಂದಾಗುವ ಪ್ರೋಟೀನು ಟೋಲ್ ಅನ್ನುವ ಇನ್ನೊಂದು ಪ್ರೋಟೀನಿಗೆ ತಾಗಿದ ಕಡೆ ಮರಿಗೆ ಹೊಟ್ಟೆ, ತಾಗದ ಕಡೆ ಬೆನ್ನು. (ಜರ್ಮನ್ನಿನಲ್ಲಿ ಟೋಲ್ ಅಂದರೆ 'ಭಾರಿ ಐತಿ'. ನಮಗೆ ಹೈವೇ ಟೋಲ್ ನೆನಪಾಗುತ್ತದೆ, ಅಲ್ವಾ?) ಸ್ಪೆಟ್ಸ್ಲೆ ಕೆಟ್ಟರೆ ಮರಿಗೆ ಹೊಟ್ಟೆಯೇ ಇಲ್ಲ, ಸುತ್ತಲೂ ಬೆನ್ನೇ. ಥೇಟ್ ನನ್ನ ತಟ್ಟೆಯಲ್ಲಿದ್ದ ಶಾವಿಗೆ.

"ನೊಣ ನೋಡಿದ್ದಕ್ಕ ಬಹುಮಾನಾ?" ಅವ್ವನಿಗೆ ನಗು.

ತಂಗಿಯ ಸ್ಕ್ಯಾನಿನಲ್ಲಿ ಬೆನ್ನೆಲುಬಿನ ಮಣಿಗಳ ಸಾಲು ನೋಡಿ ಹಿಗ್ಗಿದವಳು ಇವಳೇ. ಲೂಯಿಸ್ ಕೆಲಸ ಮಾಡಿದ ಜೀನ್‌ಗಳು ಕೆಟ್ಟರೆ ಎರಡು ರೆಕ್ಕೆಯ ನೊಣಕ್ಕೆ ನಾಲ್ಕು ರೆಕ್ಕೆ ಬರುತ್ತವೆ. ಅದೇ ಬಳಗದ ಜೀನ್‌ಗಳು ನಮ್ಮಲ್ಲೂ ಇವೆ. ಯಾವ ಮಣಿಗೆ ಪಕ್ಕೆಲುಬು ಬೇಕು, ಯಾವುದಕ್ಕೆ ಬೇಡ ಅಂತ ತೀರ್ಮಾನಿಸುವುದು ಅವೇ. ನಾವು ಹಸಿರು ಬಳೆ ತೊಡಿಸಿ ಆರತಿ ಎತ್ತುವ ಹೊತ್ತಿಗೆ ಆ ಲೆಕ್ಕವೆಲ್ಲ ಎಂದೋ ಮುಗಿದಿರುತ್ತದೆ. ಇದನ್ನು ಹೇಳಿದಾಗ ಅವ್ವ ಒಂದು ಕ್ಷಣ ಸುಮ್ಮನಾದಳು.

ನಿಜ ಹೇಳಬೇಕೆಂದರೆ ಅವಳಿಗೆ ಹಿಡಿಸಿದ್ದು ಬೇರೆ. ಕ್ರಿಸ್ಟಿಯಾನೆ 2004ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ಮಕ್ಕಳಿರುವ ಯುವ ವಿಜ್ಞಾನಿ ತಾಯಂದಿರಿಗೆ ಮನೆಗೆಲಸ, ಕೂಸು ನೋಡಿಕೊಳ್ಳುವುದಕ್ಕೆ ಅದು ದುಡ್ಡು ಕೊಡುತ್ತದೆ.

"ಇದು ಖರೇ ಕೆಲಸ ನೋಡು," ಅಂದಳು. "ಅದಿರ್ಲಿ, ಕುಬಸಕ್ಕ ಬರ್ತಿ ಇಲ್ಲೋ?"

ಟಿಕೆಟ್ ಇನ್ನೂ ಮಾಡಿಸಿಲ್ಲ.